ಹೇಳದೆ ಬಿಟ್ಟ ಎರಡು ವಾಕ್ಯ

ಆಕೆಯನ್ನು ಎಲ್ಲರೂ ಕಡ್ಡಿ ಅಕ್ಕ ಎಂದೇ ಕರೆಯುತ್ತಿದ್ದರು. ಮೈಯಲ್ಲಿ ಮಾಂಸ ಕಡಿಮೆ ಎನ್ನುವುದು ಒಂದು ಕಾರಣ. ಏನಿದ್ದರೂ ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತಾಳೆ ಎನ್ನುವುದು ಇನ್ನೊಂದು. ಮೂವತ್ತೊಂದು ವರ್ಷ ನ್ಯಾಯಾಲಯದಲ್ಲಿ ಶೀಘ್ರಲಿಪಿ ಬರೆದವಳು. ಸಾಕ್ಷಿ ನಡುವೆ ಕೆಮ್ಮಿದರೆ ಅದನ್ನೂ ಬಿಡದೆ ದಾಖಲು ಮಾಡುತ್ತಾಳೆ ಎಂದು ವಕೀಲರು ತಮಾಷೆ ಮಾಡುತ್ತಿದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ದಿನಾ ಎರಡೂ ಕಡೆಯ ವಾದ ಕೇಳಿ ಕೇಳಿ ಸಾಕಾಗಿರುತ್ತೆ, ಮನೇಲೂ ಬೇಕಾ?" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ನಿವೃತ್ತಿಯಾದ ಎರಡೇ ತಿಂಗಳಲ್ಲಿ ಮನೆಯ ನಾಲ್ಕು ಗೋಡೆ ಅವಳನ್ನು ಕಚ್ಚಿ ತಿನ್ನತೊಡಗಿದವು. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿದ್ದ ನಿವೃತ್ತ ನರ್ಸ್ ಒಂದು ದಿನ ಬಾಗಿಲು ತಟ್ಟಿ, "ನೀನು ಬರೆಯೋಕೆ, ನಾವು ಜಗಳ ಆಡೋಕೆ. ಬಾ" ಎಂದು ಕೈಹಿಡಿದು ಎಳೆದುಕೊಂಡು ಹೋದಳು. ಹೀಗೆ ಅವಳು ಹಿರಿಯರ ಒಕ್ಕೂಟದ ಕಾರ್ಯದರ್ಶಿಯಾದಳು.

ಒಕ್ಕೂಟವೆಂದರೆ ಹನ್ನೊಂದು ಸಂಘಗಳ ಗಂಟು. ನಿವೃತ್ತ ಅಂಚೆಯವರದೊಂದು, ನರ್ಸುಗಳದೊಂದು, ಗಾಲಿಕುರ್ಚಿಯವರದೊಂದು, ಮರೆವಿನ ರೋಗಿಗಳನ್ನು ಮನೆಯಲ್ಲೇ ನೋಡಿಕೊಳ್ಳುವವರದೊಂದು, ಹೀಗೆ. ಇವರೆಲ್ಲ ಸಭೆ ಸೇರುತ್ತಿದ್ದುದು ಬಟ್ಟೆ ಒಗೆಯುವ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ. ಮೇಲೆ ಹೋಗಲು ಇಪ್ಪತ್ತಾರು ಮೆಟ್ಟಿಲು. ಗಾಲಿಕುರ್ಚಿ ಸಂಘದ ಪ್ರತಿನಿಧಿ ಮೊದಲ ಮೂರು ಸಭೆಗಳಲ್ಲಿ ಕೆಳಗೆ ಬೀದಿಯಲ್ಲೇ ಕೂತು, ಕಿಟಕಿಯ ಕಡೆ ಮುಖ ಮಾಡಿ, "ನನ್ನ ವಿರೋಧ ಇದೆ!" ಎಂದು ಕೂಗುತ್ತಿದ್ದರು. ಯಾವುದಕ್ಕೆ ವಿರೋಧ ಎಂದು ಮೇಲಿನಿಂದ ಕೇಳಿದರೆ, "ಮೆಟ್ಟಿಲಿಗೆ!" ಎನ್ನುತ್ತಿದ್ದರು. ನಾಲ್ಕನೇ ಸಭೆಗೆ ಎಲ್ಲರೂ ನಾಚಿಕೆಪಟ್ಟು, ಅಂಗಡಿಯವನನ್ನು ಒಪ್ಪಿಸಿ, ಕೆಳಗೆ ಇಸ್ತ್ರಿ ಮೇಜುಗಳ ಸುತ್ತಲೇ ಕೂರತೊಡಗಿದರು. ಒಕ್ಕೂಟದ ಮೊದಲ ಗೆಲುವು ಅದು.

ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಎಪ್ಪತ್ತೈದು ದಾಟಿದವರನ್ನೂ ಕೈ ಎತ್ತದೆ ಮಾತಾಡಲು ಬಿಡುತ್ತಿರಲಿಲ್ಲ. ಕಾನೂನಿನ ಭಾಷೆ ನೋಡಿಕೊಳ್ಳಲು ಒಬ್ಬ ವಕೀಲೆ ಇದ್ದಳು. ಎರಡು ವರ್ಷ ತಿದ್ದಿ ತೀಡಿ ಅವರು ಸಿದ್ಧಮಾಡಿದ ಕರಡು ಮಸೂದೆಯಲ್ಲಿ ಮುಖ್ಯವಾಗಿ ಇದ್ದುದು ಎರಡು ವಿಷಯ. ಪ್ರತಿ ಬಡಾವಣೆಯಲ್ಲೂ ಹಿರಿಯರಿಗೊಂದು ಹಗಲು ಆರೈಕೆ ಕೇಂದ್ರ ಇರಬೇಕು ಎನ್ನುವುದು ಮೊದಲನೆಯದು. ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವ ನೌಕರರಿಗೆ ಸಂಬಳ ಕತ್ತರಿಸದೆ ಮಧ್ಯಾಹ್ನ ಎರಡು ಗಂಟೆ ಬಿಡುವು ಕೊಡಬೇಕು ಎನ್ನುವುದು ಎರಡನೆಯದು. ಇದಕ್ಕೆ ಅವರ ನಡುವೆ ಏಳನೇ ಕಲಮು ಎಂದು ಹೆಸರು. ಆ ಕಲಮನ್ನು ಬರೆಯುವಾಗ ಕಡ್ಡಿ ಅಕ್ಕನ ಕಣ್ಣಮುಂದೆ ಇದ್ದುದು ತನ್ನ ಕಟ್ಟಡದ ಎರಡನೇ ಮಹಡಿಯ ಮನೆ.

ಅಲ್ಲಿ ತಾಯಿ ಮಗಳು ಇಬ್ಬರೇ. ಮಗಳಿಗೆ ನಲವತ್ತಾರು. ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ. ಅವಳು ಮೆಟ್ಟಿಲು ಹತ್ತಿ ಹೋದರೆ ಹಿಂದೆ ಹಾಲು ಸಕ್ಕರೆಯ ವಾಸನೆ ಒಂದಷ್ಟು ಹೊತ್ತು ನಿಲ್ಲುತ್ತಿತ್ತು. ಅಜ್ಜಿಗೆ ಮರೆವಿನ ರೋಗ. ಕಾಲು ಮಾತ್ರ ಗಟ್ಟಿ. ಒಂದು ಸಲ ಮನೆಯಿಂದ ಹೊರಬಿದ್ದವಳು ರೈಲು ನಿಲ್ದಾಣದ ಟಿಕೆಟ್ ಕಿಟಕಿಯ ಮುಂದೆ ಸಿಕ್ಕಿದ್ದಳು. ಐವತ್ತು ವರ್ಷದ ಹಿಂದೆ ತೀರಿಕೊಂಡ ತನ್ನ ಅಮ್ಮನ ಊರಿಗೆ ಟಿಕೆಟ್ ಕೇಳುತ್ತಿದ್ದಳು. ಇನ್ನೊಂದು ಸಲ ರಸ್ತೆಯ ನಡುವೆ ಸಿಕ್ಕಿದಳು. ಆಮೇಲೆ ಬುದ್ಧಿ ತಿಳಿಯಾಗಿದ್ದ ಒಂದು ಬೆಳಿಗ್ಗೆ ಅವಳೇ ಮಗಳನ್ನು ಕೂರಿಸಿಕೊಂಡು, "ಹೊರಗಡೆಯಿಂದ ಬೀಗ ಹಾಕ್ಕೊಂಡು ಹೋಗೇ. ನಾನು ಕಳೆದುಹೋಗಿ ನಿನಗೆ ಸಿಗದೇ ಇದ್ರೆ ಏನು ಮಾಡ್ತೀಯ?" ಎಂದಿದ್ದಳು.

ಮಗಳು ಬೆಳಿಗ್ಗೆ ಬೀಗ ಹಾಕಿ ಹೋಗುತ್ತಿದ್ದಳು. ಹನ್ನೆರಡೂವರೆಗೆ ಊಟದ ಗಂಟೆ ಹೊಡೆದ ಕೂಡಲೇ ಒಂದೇ ಉಸಿರಿಗೆ ಓಡಿ ಬರುತ್ತಿದ್ದಳು. ಬಿಡುವು ಅರ್ಧ ಗಂಟೆ. ಹೋಗಲು ಹನ್ನೊಂದು ನಿಮಿಷ, ಬರಲು ಹನ್ನೊಂದು, ನಡುವೆ ಉಳಿದ ಎಂಟು ನಿಮಿಷದಲ್ಲಿ ಅಮ್ಮನಿಗೆ ಊಟ, ಶೌಚ, ಬಟ್ಟೆ ಬದಲಾವಣೆ. ಅವಳ ಊಟ ದಾರಿಯಲ್ಲೇ. ಮೂರು ಗಂಟೆಗೆ ಕಡ್ಡಿ ಅಕ್ಕ ನಾಲ್ಕನೇ ಮಹಡಿಯಿಂದ ಇಳಿದುಬಂದು, ತನ್ನ ಹತ್ತಿರವಿದ್ದ ಇನ್ನೊಂದು ಕೀಲಿಕೈಯಿಂದ ಬೀಗ ತೆಗೆದು, ಅಜ್ಜಿಗೆ ಚಹಾ ಕುಡಿಸಿ, ಒಂದರ್ಧ ಗಂಟೆ ಹರಟೆ ಹೊಡೆದು ಹೋಗುತ್ತಿದ್ದಳು. ಅಜ್ಜಿ ಅವಳನ್ನು ಒಂದೊಂದು ದಿನ ತಂಗಿ, ಒಂದೊಂದು ದಿನ ಡಾಕ್ಟರಮ್ಮ, ಒಮ್ಮೊಮ್ಮೆ "ನಮ್ಮ ಕ್ಲಾಸಿನ ಆ ಜಗಳಗಂಟಿ" ಎಂದು ಗುರುತು ಹಿಡಿಯುತ್ತಿದ್ದಳು. ಹೀಗೆ ಒಂದು ವರ್ಷ ನಡೆಯಿತು.

ಒಂದು ಬುಧವಾರ ಒಕ್ಕೂಟದ ಸಭೆ ಜಗ್ಗಾಡಿತು. ಕರಡಿನಲ್ಲಿ 'ವೃದ್ಧರು' ಎಂದಿರಬೇಕೋ 'ಹಿರಿಯರು' ಎಂದಿರಬೇಕೋ ಎಂಬುದು ವಾದ. "ವೃದ್ಧ ಅಂದ್ರೆ ನನ್ನ ಅಪ್ಪ, ನಾನಲ್ಲ" ಎಂದು ಎಂಬತ್ತೊಂದರ ಅಂಚೆಯಣ್ಣ ಮೇಜು ಕುಟ್ಟಿದರು. ಎಲ್ಲರೂ ನಕ್ಕರು. ಕಡ್ಡಿ ಅಕ್ಕ ನಗುತ್ತಲೇ ಬರೆದುಕೊಳ್ಳುತ್ತಿದ್ದಳು. ಗಡಿಯಾರ ಅವಳ ಎದುರಿಗೇ ಇತ್ತು. ಅದನ್ನು ನೋಡಿದಳು ಕೂಡ. ಮೂರು ಗಂಟೆ ಎನ್ನುವುದು ಕಣ್ಣಿಗೆ ಬಿತ್ತು, ತಲೆಗೆ ಇಳಿಯಲಿಲ್ಲ.

ಐದೂವರೆಗೆ ಮನೆಗೆ ಬಂದಾಗ ಎರಡನೇ ಮಹಡಿಯಲ್ಲಿ ಜನ. ಅಜ್ಜಿ ಒಳಗಿನಿಂದ ಬಾಗಿಲು ಬಡಿಯುತ್ತಿದ್ದಳು. ಕೂಗಿ ಕೂಗಿ ದನಿ ಉಡುಗಿಹೋಗಿತ್ತು. ಕಡ್ಡಿ ಅಕ್ಕ ಜನರನ್ನು ಸರಿಸಿ ಬೀಗಕ್ಕೆ ಕೀಲಿಕೈ ಹಾಕಿದಳು. ಬಾಗಿಲು ತೆಗೆದರೆ ಅಜ್ಜಿಯ ಬಲಗೈ ಗೆಣ್ಣುಗಳು ಸುಲಿದು ರಕ್ತ, ಬಟ್ಟೆ ಒದ್ದೆ, ಮುಖ ನೋಡಲಾಗದ ಹಾಗಿತ್ತು. ಯಾರೋ ಒಬ್ಬರು ಅದರ ಫೋಟೋ ತೆಗೆದರು.

ಮಗಳು ಆರು ಗಂಟೆಗೆ ಬಂದಳು. ಅಮ್ಮನ ಕೈಗೆ ಪಟ್ಟಿ ಕಟ್ಟಿ ಮಲಗಿಸಿ, ಬಾಗಿಲಲ್ಲೇ ನಿಂತಿದ್ದ ಕಡ್ಡಿ ಅಕ್ಕನ ಕಡೆ ತಿರುಗಿದಳು.

"ಸಭೆ ತಡ ಆಯ್ತಮ್ಮ. ನಾನು…"

"ಬಿಡಿ ಅಕ್ಕ. ದಿನಾ ನೋಡ್ಕೋತೀರಲ್ಲ, ಒಂದಿನ ತಪ್ಪಿದ್ರೆ ಏನಂತೆ? ನೀವಿಲ್ದಿದ್ರೆ ನಾನು ಯಾವತ್ತೋ ಕೆಲಸ ಬಿಡಬೇಕಾಗಿತ್ತು" ಎಂದಳು. ಹಾಗೆಂದು ಕಡ್ಡಿ ಅಕ್ಕನಿಗೇ ಒಂದು ಲೋಟ ನೀರು ಕೊಟ್ಟಳು. ಕಡ್ಡಿ ಅಕ್ಕ ಅದನ್ನು ಕುಡಿಯದೆ ಕೆಳಗಿಟ್ಟಳು.

ಇದಾದ ಮೂರು ವಾರಕ್ಕೆ, ಕರಡನ್ನು ಪರಿಶೀಲಿಸುತ್ತಿದ್ದ ಸದನ ಸಮಿತಿಯಿಂದ ಒಕ್ಕೂಟಕ್ಕೆ ಕರೆ ಬಂತು. ಇಪ್ಪತ್ತು ನಿಮಿಷದ ಅವಕಾಶ. ಮೇಷ್ಟ್ರು ಅಂಕಿಅಂಶಗಳ ಹಾಳೆ ಓದತೊಡಗಿದರು. ಒಬ್ಬ ಸದಸ್ಯರು ಬಾಯಿಗೆ ಕೈ ಅಡ್ಡ ಇಟ್ಟು ಆಕಳಿಸಿದರು. ಇನ್ನೊಬ್ಬರು ಕನ್ನಡಕ ಒರೆಸತೊಡಗಿ ಒರೆಸುತ್ತಲೇ ಇದ್ದರು. ಹನ್ನೆರಡು ನಿಮಿಷ ಕಳೆದುಹೋಯಿತು. ವಕೀಲೆ ಕಡ್ಡಿ ಅಕ್ಕನ ಕಿವಿಯಲ್ಲಿ, "ಇವರಿಗೆ ಲೆಕ್ಕ ಬೇಡ, ಒಂದು ಮುಖ ಬೇಕು. ಏನಾದ್ರೂ ಹೇಳಿ, ಈಗಲೇ" ಎಂದಳು.

ಮೂವತ್ತೊಂದು ವರ್ಷ ಬೇರೆಯವರ ಮಾತು ಬರೆದುಕೊಂಡವಳು ಅಂದು ಎದ್ದು ನಿಂತು ಮಾತಾಡಿದಳು. ಒಂದು ಕಟ್ಟಡ, ಒಂದು ಮನೆ, ಹೊರಗಿನಿಂದ ಬೀಗ. ಮಗಳು ಬಿಸ್ಕತ್ತು ಕಾರ್ಖಾನೆಗೆ ಹೋಗಿದ್ದಾಳೆ. ಒಳಗೆ ಎಂಬತ್ತರ ಅಜ್ಜಿ, ಬಾಗಿಲು ಬಡಿದು ಬಡಿದು ಕೈಯಿಂದ ರಕ್ತ ಸೋರುತ್ತಿದೆ. ಕನ್ನಡಕ ಒರೆಸುತ್ತಿದ್ದವರು ಅದನ್ನು ಮೂಗಿಗೇರಿಸಿ ಅವಳನ್ನೇ ನೋಡಿದರು.

"ಕೀಲಿಕೈ ಯಾರ ಹತ್ತಿರ ಇತ್ತು?" ಎಂದು ಸಮಿತಿಯ ಅಧ್ಯಕ್ಷೆ ಕೇಳಿದರು.

"ಮಗಳ ಹತ್ತಿರ" ಎಂದಳು ಕಡ್ಡಿ ಅಕ್ಕ.

ಸುಳ್ಳಲ್ಲ. ಮಗಳ ಹತ್ತಿರವೂ ಇತ್ತು. ಮಗಳು ಮಧ್ಯಾಹ್ನ ಓಡಿ ಬರುತ್ತಾಳೆ ಎಂಬ ಒಂದು ವಾಕ್ಯ, ಮೂರು ಗಂಟೆಗೆ ಬರಬೇಕಾಗಿದ್ದವಳು ನಾನು ಎಂಬ ಇನ್ನೊಂದು ವಾಕ್ಯ, ಎರಡೂ ನಾಲಿಗೆಯ ತುದಿಗೆ ಬಂದಿದ್ದವು. ಮೊದಲನೆಯದನ್ನು ಹೇಳಿದರೆ ಕಥೆಯ ಬಿಸಿ ಆರುತ್ತದೆ ಅನ್ನಿಸಿತು. ಎರಡನೆಯದನ್ನು ಹೇಳಲು ಧೈರ್ಯ ಬರಲಿಲ್ಲ. ನುಂಗಿಕೊಂಡಳು. ಹೊರಗೆ ಬಂದ ಮೇಲೆ ಮೇಷ್ಟ್ರು, "ಎರಡು ವರ್ಷದ ಕೆಲಸ ಎಂಟು ನಿಮಿಷದಲ್ಲಿ ಮಾಡಿಬಿಟ್ರಿ ಕಣಮ್ಮ" ಎಂದು ಕೈಕುಲುಕಿದರು. ಅವಳಿಗೆ ಖುಷಿಯಾಯಿತು. ಆ ಖುಷಿಯನ್ನೇ ಅವಳು ಆಮೇಲೆ ಎಲ್ಲಕ್ಕಿಂತ ಹೆಚ್ಚು ಹಳಿದುಕೊಂಡದ್ದು.

ಮಾರನೇ ದಿನದ ಪತ್ರಿಕೆಯಲ್ಲಿ ಬೀಗದ ಸುದ್ದಿಯೇ ಸುದ್ದಿ. ತಿಂಗಳಾದ ಮೇಲೆ ಮಸೂದೆ ಸಮಿತಿಯಿಂದ ತಿದ್ದಿಸಿಕೊಂಡು ವಾಪಸು ಬಂತು. ಹಗಲು ಕೇಂದ್ರಗಳಿಗೆ ಒಪ್ಪಿಗೆ. ಏಳನೇ ಕಲಮಿನ ಜಾಗದಲ್ಲಿ ಮಾತ್ರ ಮಧ್ಯಾಹ್ನದ ಬಿಡುವು ಮಾಯವಾಗಿ, ಹಿರಿಯರನ್ನು ಮನೆಯೊಳಗೆ ಕೂಡಿಹಾಕುವವರಿಗೆ ಶಿಕ್ಷೆ, ಹಾಗೆ ಸಿಕ್ಕ ಹಿರಿಯರನ್ನು ಸರ್ಕಾರಿ ಆಶ್ರಯಕ್ಕೆ ಸಾಗಿಸುವ ಅಧಿಕಾರ ಎಂದು ಬಂದಿತ್ತು.

"ಇದು ನಾವು ಕೇಳಿದ್ದಲ್ಲ. ಕೈ ಹಿಡೀರಿ ಅಂದ್ರೆ ಕೈಗೆ ಕೋಳ ಹಾಕ್ತಿದಾರೆ" ಎಂದಳು ವಕೀಲೆ.

"ಕೇಂದ್ರಗಳು ಸಿಕ್ತಾ ಇವೆಯಲ್ಲ. ಈಗ ಮೂತಿ ತಿರುಗಿಸಿದ್ರೆ ಇದೂ ಹೋಗುತ್ತೆ" ಎಂದರು ಮೇಷ್ಟ್ರು.

ಮತಕ್ಕೆ ಹಾಕಿದರು. ಒಪ್ಪಬೇಕೆಂದು ಏಳು ಸಂಘ, ಬೇಡವೆಂದು ನಾಲ್ಕು. ಕಡ್ಡಿ ಅಕ್ಕ ಬರೆದುಕೊಂಡಳು. ಕಾರ್ಯದರ್ಶಿಗೆ ಮತವಿರಲಿಲ್ಲ ನಿಜ, ಆದರೆ ಬಾಯಿತ್ತು. ಅವಳು ಅದನ್ನು ತೆರೆಯಲಿಲ್ಲ.

ಕಾಯ್ದೆ ಜಾರಿಯಾದ ಎರಡನೇ ತಿಂಗಳಿಗೆ ಇಬ್ಬರು ಅಧಿಕಾರಿಗಳು ಎರಡನೇ ಮಹಡಿಯ ಬೀಗ ಒಡೆಸಿದರು. ಯಾರೋ ಹಳೆಯ ಫೋಟೋ ಕಳಿಸಿದ್ದರಂತೆ. ಮಗಳು ಊಟದ ಬಿಡುವಿನಲ್ಲಿ ಓಡಿ ಬಂದಾಗ ಅಮ್ಮನನ್ನು ವ್ಯಾನಿಗೆ ಹತ್ತಿಸಿ ಆಗಿತ್ತು. ಅಜ್ಜಿ ವ್ಯಾನಿನ ಕಿಟಕಿಯಿಂದ ಮಗಳಿಗೆ ನಗುತ್ತಾ ಕೈಬೀಸಿದಳಂತೆ, ಪ್ರವಾಸಕ್ಕೆ ಹೊರಟವಳ ಹಾಗೆ.

ಮರುದಿನ ಮಗಳು ಕೆಲಸಕ್ಕೆ ಹೋಗಲಿಲ್ಲ. ಕಡ್ಡಿ ಅಕ್ಕ ಕೆಳಗಿಳಿದು ಹೋದಾಗ ಅವಳು ಅಮ್ಮನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಅಕ್ಕಾ, ಒಂದು ಉಪಕಾರ ಮಾಡಿ. ನೀವು ಆ ಒಕ್ಕೂಟದಲ್ಲಿ ಇದ್ದೀರಲ್ಲ, ಯಾರೋ ನಮ್ಮನೆ ವಿಷಯ ಅಲ್ಲಿ ಹೋಗಿ ಊದಿದಾರೆ. ಕಾರ್ಖಾನೆಯಲ್ಲಿ ಎಲ್ಲರೂ ನನ್ನ ಮುಖ ನೋಡಿ ಗುಸುಗುಸು ಅಂತಾರೆ. ಅದ್ಯಾರು ಅಂತ ಸ್ವಲ್ಪ ಕೇಳಿ ಹೇಳ್ತೀರಾ?"

ಕಡ್ಡಿ ಅಕ್ಕ ಗೋಡೆಗೆ ಒರಗಿದಳು. "ನಾನೇ."

"ಏನು ನೀವೇ?"

"ಹೇಳಿದ್ದು ನಾನೇ. ಸಮಿತಿ ಮುಂದೆ."

ಮಗಳ ಕೈ ಮಡಚುವುದನ್ನು ನಿಲ್ಲಿಸಿತು. "ಎಲ್ಲಾ ಹೇಳಿದ್ರಾ?"

"ಇಲ್ಲ."

"ಏನು ಬಿಟ್ರಿ?"

"ನೀನು ಮಧ್ಯಾಹ್ನ ಓಡಿ ಬರೋದು ಬಿಟ್ಟೆ. ಅವತ್ತು ಬರಬೇಕಾಗಿದ್ದೋಳು ನಾನು ಅನ್ನೋದನ್ನೂ ಬಿಟ್ಟೆ."

ಪಕ್ಕದ ಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿ ನಿಲ್ಲಿಸಿದರು. ಮಗಳು ಕೈ ಚಾಚಿದಳು.

"ಕೀ ಕೊಡಿ."

ಕಡ್ಡಿ ಅಕ್ಕ ಮೇಲೆ ಹೋಗಿ ಕೀಲಿಕೈ ತಂದುಕೊಟ್ಟಳು. ಬೀಗವೇ ಮುರಿದುಹೋಗಿದ್ದ ಬಾಗಿಲಿನ ಕೀಲಿಕೈ. ಮಗಳು ಅದನ್ನು ತೆಗೆದುಕೊಂಡು ಬಾಗಿಲು ಮುಚ್ಚಿಕೊಂಡಳು. ಬೈದಿದ್ದರೆ, ಕೈ ಎತ್ತಿದ್ದರೆ ಎಷ್ಟೋ ವಾಸಿ ಎನ್ನಿಸಿತು ಕಡ್ಡಿ ಅಕ್ಕನಿಗೆ.

ಅದೇ ವಾರ ಅವಳು ಹಿರಿಯರ ಇಲಾಖೆಗೆ ಹೋಗಿ ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ ಕೊಟ್ಟಳು. ಅಲ್ಲಿದ್ದ ಅಧಿಕಾರಿ ಕೆಟ್ಟವನೇನಲ್ಲ. ಎರಡು ಸಲ ಓದಿ, "ಅಮ್ಮಾ, ಕಾಯ್ದೆ ಬೀಗ ಹಾಕಿದ್ದು ಯಾರು ಅಂತ ಕೇಳುತ್ತೆ. ಯಾಕೆ ಹಾಕಿದ್ರು ಅಂತ ಕೇಳೋ ಕಾಲಂ ಇದರಲ್ಲಿಲ್ಲ. ನಾನೇನು ಮಾಡಲಿ?" ಎಂದ. ಮಗಳಿಗೆ ಶಿಕ್ಷೆಯೇನೂ ಆಗದಂತೆ ನೋಡಿಕೊಳ್ಳುತ್ತೇನೆ, ಅಜ್ಜಿಯನ್ನು ಮನೆಗೆ ಕಳಿಸಲು ಮಾತ್ರ ನನ್ನ ಕೈಯಲ್ಲಾಗದು ಎಂದ.

ಅಜ್ಜಿಯನ್ನು ಇಟ್ಟಿದ್ದ ಆಶ್ರಯ ಊರಿನ ಇನ್ನೊಂದು ತುದಿಯಲ್ಲಿತ್ತು. ಮಗಳು ಭಾನುವಾರ ಹೋಗುತ್ತಿದ್ದಳು. ಕಡ್ಡಿ ಅಕ್ಕ ಅವಳ ಕಣ್ಣಿಗೆ ಬೀಳಬಾರದೆಂದು ಮಂಗಳವಾರ. ಜಾಗ ಚೊಕ್ಕಟವಾಗಿತ್ತು. ಉದ್ದನೆಯ ಪಡಸಾಲೆ, ಎರಡೂ ಕಡೆ ಹಾಸಿಗೆ, ಹಗಲೆಲ್ಲ ತೆರೆದೇ ಇರುವ ದೊಡ್ಡ ಬಾಗಿಲುಗಳು, ಹೊರಗೆ ಎತ್ತರದ ಕಾಂಪೌಂಡು. ಆ ತೆರೆದ ಬಾಗಿಲುಗಳನ್ನು ಕಂಡರೆ ಅಜ್ಜಿಗೆ ಭಯ. ಕಡ್ಡಿ ಅಕ್ಕನ ಸೆರಗು ಹಿಡಿದುಕೊಂಡು, "ಬಾಗಿಲು ಹಾಕೇ, ನಾನು ಹೊರಟುಹೋಗ್ತೀನಿ. ಆಮೇಲೆ ಅವಳು ಎಲ್ಲಿ ಅಂತ ಹುಡುಕ್ತಾಳೆ?" ಎನ್ನುತ್ತಿದ್ದಳು. ಎರಡು ತಿಂಗಳಲ್ಲಿ ಆ ಮಾತೂ ನಿಂತಿತು. ಆಮೇಲೆ ಸುಮ್ಮನೆ ಮಲಗಿರುತ್ತಿದ್ದಳು. ಕಡ್ಡಿ ಅಕ್ಕ ಅವಳ ಬಲಗೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಗೆಣ್ಣುಗಳ ಮೇಲಿನ ಕಲೆಗಳನ್ನು ನೋಡುತ್ತಾ ಕೂರುತ್ತಿದ್ದಳು.

ಅಜ್ಜಿಯನ್ನು ಒಯ್ದ ಮೇಲೆ ನಡೆದ ಒಕ್ಕೂಟದ ಮೊದಲ ಸಭೆಯಲ್ಲೇ ಕೈ ಎತ್ತಿ ಅವಳು ಎಲ್ಲವನ್ನೂ ಹೇಳಿದಳು. ಸಮಿತಿಗೆ ಪತ್ರ ಬರೆದು ನನ್ನ ಹೇಳಿಕೆ ತಿದ್ದಿಸುತ್ತೇನೆ ಎಂದಳು.

ಮೇಷ್ಟ್ರ ಮುಖ ಕಪ್ಪಿಟ್ಟಿತು. "ಏನಮ್ಮ ಇದು, ಗೆದ್ದ ಮೇಲೆ? ನಮ್ಮ ಮಾತಿನ ಮೇಲೆ ಇನ್ಯಾರು ನಂಬಿಕೆ ಇಡ್ತಾರೆ? ಹನ್ನೊಂದು ಸಂಘದ ಹೆಸರಿಗೆ ಮಸಿ ಬಳಿತೀರಾ?"

"ಮಸಿ ಒಬ್ಬಳ ಮುಖಕ್ಕೆ ಆಗಲೇ ಬಳಿದಿದ್ದೀನಿ ಮೇಷ್ಟ್ರೇ. ಅದನ್ನ ಮೊದಲು ಒರೆಸಬೇಕು."

"ಇನ್ನೊಂದಾರು ತಿಂಗಳು ಕಾಯಿರಿ. ಕೇಂದ್ರಗಳು ಶುರುವಾಗಲಿ."

"ಅಜ್ಜಿ ಕಾಯಲ್ಲ" ಎಂದಳು ಕಡ್ಡಿ ಅಕ್ಕ.

ಬೀದಿಯಲ್ಲಿ ಕೂತು ಕೂಗುತ್ತಿದ್ದ ಗಾಲಿಕುರ್ಚಿಯ ಪ್ರತಿನಿಧಿ ಮಾತ್ರ ಅವಳ ಪರ ನಿಂತರು. ನರ್ಸ್ ತಲೆ ತಗ್ಗಿಸಿ ಕೂತಿದ್ದಳು. ಕಡ್ಡಿ ಅಕ್ಕ ನಡಾವಳಿ ಪುಸ್ತಕವನ್ನು ಇಸ್ತ್ರಿ ಮೇಜಿನ ಮೇಲಿಟ್ಟು, ಕಾರ್ಯದರ್ಶಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರಬಂದಳು. ಪತ್ರವನ್ನು ತನ್ನೊಬ್ಬಳ ಹೆಸರಿನಲ್ಲೇ ಕಳಿಸಿದಳು.

ಸಮಿತಿ ಅವಳನ್ನು ಮತ್ತೆ ಕರೆಯುವ ಹೊತ್ತಿಗೆ ಪತ್ರ ಹೋಗಿ ಐದು ತಿಂಗಳಾಗಿತ್ತು. ಅದಕ್ಕೆ ಒಂಬತ್ತು ದಿನ ಮೊದಲು ಅಜ್ಜಿ ಎದೆಗೆ ಕಫ ಕಟ್ಟಿ ಆಶ್ರಯದಲ್ಲೇ ತೀರಿಕೊಂಡಳು. ಸುದ್ದಿ ಹೇಳಿದವಳು ಮೂರನೇ ಮಹಡಿಯ ನರ್ಸ್. ಕಡ್ಡಿ ಅಕ್ಕ ಎರಡನೇ ಮಹಡಿಗೆ ಇಳಿದಳು, ಬಾಗಿಲ ತನಕ ಹೋದಳು, ತಟ್ಟಲು ಕೈ ಬರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಹೋಗಿ ಬರುವವರು ಅವಳನ್ನು ದಾಟಿಕೊಂಡು ಹೋದರು. ಮಗಳೂ ಒಮ್ಮೆ ದಾಟಿಕೊಂಡು ಹೋದಳು.

ಸಮಿತಿಯ ಮುಂದೆ ಅವಳು ಕೂತೇ ಹೇಳಿದಳು. ಓಟದ ಇಪ್ಪತ್ತೆರಡು ನಿಮಿಷ, ಮನೆಯ ಎಂಟು ನಿಮಿಷ, ತಾನು ಮರೆತ ಮೂರು ಗಂಟೆ, ಆಶ್ರಯದ ತೆರೆದ ಬಾಗಿಲು. ಅಧ್ಯಕ್ಷೆ ಕೇಳಿದರು, "ಇದನ್ನ ಅವತ್ತೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಆಕಳಿಸ್ತೀರಿ ಅನ್ನಿಸ್ತು. ಅದು ಅರ್ಧ. ಇನ್ನರ್ಧ, ನನಗೆ ನಾಚಿಕೆ ಆಯ್ತು."

ಪತ್ರಿಕೆಯವರು ಈ ಸಲ ಬಂದಿರಲಿಲ್ಲ. ಆದರೂ ವಕೀಲೆ ಆ ಹೇಳಿಕೆಯನ್ನು ಹಿಡಿದು ಪಟ್ಟು ಬಿಡಲಿಲ್ಲ. ಆರೈಕೆ ಮಾಡುವವರ ಸಂಘ ಬೆನ್ನಿಗೆ ನಿಂತಿತು. ಕೊನೆಕೊನೆಗೆ ಮೇಷ್ಟ್ರೂ ತಿದ್ದುಪಡಿಯ ಮನವಿಗೆ ಗೊಣಗುತ್ತಲೇ ಸಹಿ ಹಾಕಿದರು. ಇನ್ನೂ ಒಂದು ವರ್ಷ ಹಿಡಿಯಿತು. ವಿಚಾರಣೆಯಿಲ್ಲದೆ ಹಿರಿಯರನ್ನು ಎತ್ತಿಕೊಂಡು ಹೋಗುವ ಅಧಿಕಾರ ಹೋಯಿತು. ಮಧ್ಯಾಹ್ನದ ಬಿಡುವು ಎರಡು ಗಂಟೆಯ ಬದಲು ಒಂದೂಕಾಲು ಗಂಟೆಯಾಗಿ ಕಾಯ್ದೆಗೆ ಸೇರಿತು. ಸಂತೋಷಕೂಟಕ್ಕೆ ಕರೆದರು. ಕಡ್ಡಿ ಅಕ್ಕ ಹೋಗಲಿಲ್ಲ. ಹೊಸದಾಗಿ ಶುರುವಾದ ಹಗಲು ಕೇಂದ್ರದಲ್ಲಿ ವಾರಕ್ಕೆ ನಾಲ್ಕು ದಿನ ಅವಳು ಹಿರಿಯರಿಗೆ ಪತ್ರಿಕೆ ಓದಿ ಹೇಳುತ್ತಿದ್ದಳು. ಒಳ್ಳೆಯ ಕೆಲಸ ಎಂದು ಯಾರಾದರೂ ಹೊಗಳಿದರೆ ಮಾತು ತೇಲಿಸಿ ಎದ್ದುಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಮಗಳು. ಎರಡು ವರ್ಷದ ಮೇಲೆ ಮೊದಲ ಸಲ ಅವಳು ನಾಲ್ಕನೇ ಮಹಡಿ ಹತ್ತಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ.

"ನಮ್ಮ ವಿಭಾಗದಲ್ಲಿ ತೂಕದ ಯಂತ್ರದ ಹತ್ರ ಒಬ್ಬಳಿದಾಳೆ. ಅವಳ ಅಪ್ಪನಿಗೆ ಪಾರ್ಶ್ವವಾಯು. ಮಧ್ಯಾಹ್ನದ ಬಿಡುವು ಕೇಳಿದ್ರೆ ಮೇಲ್ವಿಚಾರಕ ಕೊಡಲ್ಲ ಅಂತಾನೆ. ಯಾರಿಗೆ ದೂರು ಕೊಡಬೇಕು?"

"ಕಾರ್ಮಿಕ ಇಲಾಖೆಗೆ. ಅರ್ಜಿ ನಾನು ಬರೆದುಕೊಡ್ತೀನಿ. ಬೇಕಾದ್ರೆ ಜೊತೇಲಿ ಬರ್ತೀನಿ."

ಮಗಳು ಸ್ವಲ್ಪ ಯೋಚಿಸಿದಳು. "ಅವಳಿಗೆ ರಜೆ ಸಿಗಲ್ಲ. ನಾನೇ ಹೋಗ್ತೀನಿ. ನೀವು ಬನ್ನಿ, ಅವರ ಪ್ರಶ್ನೆಗೆಲ್ಲ ನನಗೆ ಉತ್ತರ ಗೊತ್ತಾಗಲ್ಲ."

ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಇಲಾಖೆಯ ಬೆಂಚಿನ ಮೇಲೆ ಒಂದೂವರೆ ಗಂಟೆ ಕಾದರು. ಗುಮಾಸ್ತ ಅರ್ಜಿ ತೆಗೆದುಕೊಂಡು, ನಾಳೆಯೇ ಕಾರ್ಖಾನೆಗೆ ನೋಟಿಸು ಹೋಗುತ್ತದೆ ಎಂದ. ಹೊರಗೆ ಬಂದ ಮೇಲೆ ಮಗಳು ರಸ್ತೆಯ ಕಡೆ ನೋಡುತ್ತಲೇ ಹೇಳಿದಳು:

"ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ."

"ಗೊತ್ತು."

"ಹೋಗುತ್ತೆ ಅಂತ ಕಾಯಬೇಡಿ."

"ಇಲ್ಲ" ಎಂದಳು ಕಡ್ಡಿ ಅಕ್ಕ.

"ಮಂಗಳವಾರ ಮಂಗಳವಾರ ಹೋಗ್ತಿದ್ರಂತೆ. ಅಲ್ಲಿನ ಆಯಾ ಹೇಳಿದ್ಲು." ಮಗಳು ಬಸ್ಸು ಬರುವ ದಿಕ್ಕಿಗೆ ತಿರುಗಿದಳು. ಆಮೇಲೆ, "ಅಮ್ಮ ಏನಾದ್ರೂ ಕೇಳ್ತಿದ್ಲಾ?"

ಕಡ್ಡಿ ಅಕ್ಕನಿಗೆ ಹಗುರವಾದ ಉತ್ತರವೊಂದು ಹೊಳೆಯಿತು. ಅದನ್ನು ಹೇಳಲಿಲ್ಲ. "ಬಾಗಿಲು ಹಾಕು ಅಂತಿದ್ರು. ನೀನು ಹುಡುಕ್ತೀಯ ಅಂತ ಹೆದರ್ತಿದ್ರು. ಕೊನೆಕೊನೆಗೆ ಏನೂ ಹೇಳ್ತಿರಲಿಲ್ಲ."

ಮಗಳು ತಲೆಯಾಡಿಸಿದಳು. ಬಸ್ಸು ಬಂತು. ಅವಳು ಮುಂದಿನ ಬಾಗಿಲಲ್ಲಿ ಹತ್ತಿದಳು, ಕಡ್ಡಿ ಅಕ್ಕ ಹಿಂದಿನದರಲ್ಲಿ. ಕಾರ್ಖಾನೆಯ ನಿಲ್ದಾಣದಲ್ಲಿ ಮಗಳು ಇಳಿದು, ತಿರುಗಿ ನೋಡದೆ, ಗೇಟಿನ ಕಡೆ ಬಿರಬಿರನೆ ನಡೆದಳು. ಬಸ್ಸು ಮುಂದಕ್ಕೆ ಹೋಯಿತು.